ಇಳಕಲ್ಲಿನ ಗ್ರಾನೈಟ್, ಉದ್ಯಮಬಾಗದ ಗುಜರಿ: ಪರಮಾಣು ವಿಧಿವಿಜ್ಞಾನದ ಸಂಶೋಧನೆಗೆ ಸರ್ಕಾರದ ಅನುದಾನ ಕೇಳಬಹುದೇ?

ಪ್ರಶ್ನೆ: ಘಟಪ್ರಭಾ, ಬಾಗಲಕೋಟೆ

ಬಾಗಲಕೋಟೆಯಲ್ಲಿ ಸ್ನಾತಕೋತ್ತರ ವಿಭಾಗವಿರುವ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಹಳೆಯದಾದರೂ ಸುಸ್ಥಿತಿಯಲ್ಲಿರುವ ಸೋಡಿಯಂ ಅಯೊಡೈಡ್ ಗಾಮಾ ಸ್ಪೆಕ್ಟ್ರೋಮೀಟರ್ (ಗಾಮಾ ಕಿರಣಗಳ ಶಕ್ತಿ ಅಳೆದು ಅವು ಯಾವ ವಸ್ತುವಿನವೆಂದು ಗುರುತಿಸುವ ಉಪಕರಣ) ಒಂದಿದ್ದು, ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲೆ ವರ್ಷದ ಬಹುಪಾಲು ಅದು ಮುಸುಕು ಹೊದ್ದು ಕುಳಿತಿರುತ್ತದೆ. ಅದನ್ನು ಬಳಸಿಕೊಂಡು ಸಂಶೋಧನಾ ಪ್ರಸ್ತಾವವೊಂದನ್ನು ಸಿದ್ಧಪಡಿಸಬೇಕೆಂಬ ಯೋಚನೆಯಿದೆ.

ಮನಸ್ಸಿನಲ್ಲಿರುವುದು ಎರಡು ವಿಷಯಗಳು. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಗೂ ಕಲಾದಗಿ, ಬಾದಾಮಿ ಭಾಗದ ಶಿಲೆಗಳಲ್ಲಿರುವ ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂಗಳ ಪ್ರಮಾಣವನ್ನು ಅಳೆದು, ಪರಮಾಣು ವಿಧಿವಿಜ್ಞಾನಕ್ಕೆ, ಅಂದರೆ ಸಿಕ್ಕ ಪರಮಾಣು ವಸ್ತು ಎಲ್ಲಿಂದ ಬಂತೆಂದು ಪತ್ತೆಹಚ್ಚುವ ಶಾಸ್ತ್ರಕ್ಕೆ, ಉಪಯೋಗವಾಗುವಂತಹ ಮಾಹಿತಿ ಕೋಶ ಕಟ್ಟುವುದು ಮೊದಲನೆಯದು. ಬೆಳಗಾವಿ ಮತ್ತು ವಿಜಯಪುರದ ಕಾರ್ಖಾನೆ, ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ವಿಕಿರಣ ಮೂಲಗಳ ಭೌತಿಕ ಭದ್ರತೆ ಹೇಗಿದೆ ಎಂಬುದನ್ನು ಅಧ್ಯಯನ ಮಾಡುವುದು ಎರಡನೆಯದು. ವಿಷಯ ತಿಳಿಸಿದಾಗ ಸಹೋದ್ಯೋಗಿಯೊಬ್ಬರು, ಇಂಥದ್ದೆಲ್ಲ ಟ್ರಾಂಬೆಯಲ್ಲೋ ಕಲ್ಪಾಕ್ಕಂನಲ್ಲೋ ನಡೆಯುವ ಕೆಲಸ, ನಮಗೆ ಯಾರು ಹಣ ಕೊಡುತ್ತಾರೆ ಎಂದು ಅಲ್ಲಿಗೇ ಮುಗಿಸಿದರು. ಜಿಲ್ಲಾ ಮಟ್ಟದ ಕಾಲೇಜಿಗೆ ಈ ಕ್ಷೇತ್ರದಲ್ಲಿ ಸರ್ಕಾರದ ಅನುದಾನ ದೊರೆಯುವ ದಾರಿಗಳು ಯಾವುವು, ಮತ್ತು ಎರಡರಲ್ಲಿ ಮೊದಲು ಯಾವುದನ್ನು ಸಲ್ಲಿಸುವುದು ಸೂಕ್ತ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮೇಷ್ಟ್ರು, ಬೆಳಗಾವಿ

ನಾನು ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಅನುದಾನ ಕೋರಿ ಬರುವ ಪ್ರಸ್ತಾವಗಳನ್ನು ಪರಿಶೀಲಿಸುವ ಕೆಲಸವನ್ನೂ ಕೆಲಕಾಲ ಮಾಡಿದ್ದೇನೆ. ನಿಮ್ಮ ಸಹೋದ್ಯೋಗಿಯ ಮಾತು ಅರ್ಧ ಸರಿ. ವಶಪಡಿಸಿಕೊಂಡ ಪ್ಲುಟೋನಿಯಂ ಅಥವಾ ಸಮೃದ್ಧ ಯುರೇನಿಯಂ ಮಾದರಿಯನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಯಾರೂ ತರುವುದಿಲ್ಲ, ತರಲೂಬಾರದು. ಆದರೆ ವಿಧಿವಿಜ್ಞಾನವು ಆ ಮಾದರಿಯೊಂದರಿಂದಲೇ ನಡೆಯುವುದಿಲ್ಲ. ಸಿಕ್ಕ ವಸ್ತುವನ್ನು ಹೋಲಿಸಿ ನೋಡಲು ಆಧಾರ ಮಾಹಿತಿ ಬೇಕು, ಮತ್ತು ಅದನ್ನು ಕೂಡಿಸುವ ಕೆಲಸದ ಬಹುಭಾಗ ಬೇಸರ ತರಿಸುವಷ್ಟು ಸಾಮಾನ್ಯವಾದದ್ದು.

ಈ ಕ್ಷೇತ್ರ ಹುಟ್ಟಿದ್ದೇ 1990ರ ದಶಕದ ಆರಂಭದಲ್ಲಿ, ಸೋವಿಯತ್ ಒಕ್ಕೂಟ ಒಡೆದ ನಂತರ ಯುರೋಪಿನಲ್ಲಿ ಪರಮಾಣು ವಸ್ತುಗಳು ಕಳ್ಳಸಾಗಣೆಯಲ್ಲಿ ಸಿಕ್ಕಿಬೀಳತೊಡಗಿದಾಗ. 1994ರ ಆಗಸ್ಟ್‌ನಲ್ಲಿ ಮಾಸ್ಕೋದಿಂದ ಮ್ಯೂನಿಕ್ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪೆಟ್ಟಿಗೆಯಲ್ಲಿ ಸುಮಾರು 363 ಗ್ರಾಂ ಪ್ಲುಟೋನಿಯಂ ಇತ್ತು. ನನಗೆ ಅದಕ್ಕಿಂತ ಹೆಚ್ಚು ಕಲಿಸಿದ್ದು 1999ರ ಬಲ್ಗೇರಿಯಾ ಪ್ರಕರಣ. ಗಡಿಯಲ್ಲಿ ತಡೆದ ಕಾರೊಂದರಲ್ಲಿ, ಟೈರಿಗೆ ಗಾಳಿ ತುಂಬುವ ಯಂತ್ರದೊಳಗೆ ಸೀಸದ ಡಬ್ಬಿ ಸಿಕ್ಕಿತು. ಅದರೊಳಗಿನ ಗಾಜಿನ ಕೊಳವೆಯಲ್ಲಿದ್ದದ್ದು ಕೆಲವೇ ಗ್ರಾಂ ಯುರೇನಿಯಂ ಪುಡಿ, ಆದರೆ ಅದರಲ್ಲಿ ಯುರೇನಿಯಂ-235ರ ಪಾಲು ಸುಮಾರು ಶೇ. 73 ಇತ್ತು, ನೈಸರ್ಗಿಕ ಯುರೇನಿಯಂನಲ್ಲಿ ಅದು ಶೇ. 0.72 ಮಾತ್ರ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರು ಯುರೇನಿಯಂ ಅನ್ನಷ್ಟೇ ಪರೀಕ್ಷಿಸಿ ಸುಮ್ಮನಾಗಲಿಲ್ಲ. ಕೊಳವೆಯ ಸುತ್ತ ತುಂಬಿದ್ದ ಹಳದಿ ಮೇಣದಲ್ಲಿ ಬೇರಿಯಂ ಕ್ರೋಮೇಟ್ ಬಣ್ಣವಿರುವುದನ್ನು ಗುರುತಿಸಿದರು, ಒಳಗಿದ್ದ ಕಾಗದದ ನಾರು ಯಾವ ಮರದ್ದೆಂದು ನೋಡಿದರು. ಮೇಣ, ಕಾಗದಗಳು ಪೂರ್ವ ಯುರೋಪಿನ ಕಡೆಗೆ ಬೆರಳು ತೋರಿದವಾದರೂ ವಸ್ತುವಿನ ಮೂಲ ಯಾವುದೆಂದು ಖಚಿತವಾಗಿ ಹೇಳಲು ಆಗಲಿಲ್ಲ. ಕೊರತೆಯಾದದ್ದು ಉಪಕರಣವಲ್ಲ, ಹೋಲಿಸಿ ನೋಡುವ ದಾಖಲೆ.

ಇದೇ ದೃಷ್ಟಿಯಿಂದ ನಿಮ್ಮ ಮೊದಲ ವಿಷಯ ನನಗೆ ಹಿಡಿಸಿತು. ಅದಿರನ್ನು ಸಂಸ್ಕರಿಸಿ ಹಳದಿ ಪುಡಿಯಾಗಿಸಿದ ಮೇಲೂ ಲ್ಯಾಂಥನಮ್, ಸೀರಿಯಂ ಮುಂತಾದ ವಿರಳ ಭೂಧಾತುಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಅದಿರಿನಲ್ಲಿದ್ದಂತೆಯೇ ಉಳಿಯುತ್ತದೆ. ಪುಡಿ ಯಾವ ಬಗೆಯ ನಿಕ್ಷೇಪದಿಂದ ಬಂದಿತೆಂದು ಹೇಳಲು ಅದೊಂದು ನಂಬಲರ್ಹ ಸುಳಿವು. ನಮ್ಮ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ನಿಕ್ಷೇಪವನ್ನು ಗುರುತಿಸಿದೆ. ಯಾದಗಿರಿ ಜಿಲ್ಲೆಯ ಗೋಗಿಯದು ಭೀಮಾ ಶಿಲಾದ್ರೋಣಿಗೆ ಸೇರಿದ್ದು, ದೇಶನೂರಿನದು ಕಲಾದಗಿ ದ್ರೋಣಿಗೆ. ಹೀಗೆ ನಿಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಎರಡು ಬೇರೆ ಬೇರೆ ಭೂವೈಜ್ಞಾನಿಕ ಸನ್ನಿವೇಶಗಳಿವೆ. ಆದರೆ ವಿರಳ ಭೂಧಾತುಗಳನ್ನು ನಿಮ್ಮ ಸ್ಪೆಕ್ಟ್ರೋಮೀಟರ್ ಅಳೆಯಲಾರದು. ಅದಕ್ಕೆ ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಅಳೆಯುವ ಐಸಿಪಿ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಅಂದರೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಂತಹ ಕಡೆ ಮಾದರಿ ಕಳುಹಿಸಬೇಕು.

ಗಾಮಾ ಅಳತೆಯಲ್ಲೂ ಒಂದು ತೊಡಕನ್ನು ಪ್ರಸ್ತಾವದಲ್ಲಿ ನೀವೇ ಮೊದಲು ಎತ್ತಬೇಕು, ಇಲ್ಲವಾದರೆ ಪರಿಶೀಲಕರು ಎತ್ತುತ್ತಾರೆ. ಯುರೇನಿಯಂ-235ರ ಮುಖ್ಯ ಗಾಮಾ ರೇಖೆ 185.7 ಕೆಇವಿ (ಕಿರಣದ ಶಕ್ತಿಯನ್ನು ಅಳೆಯುವ ಮಾನ), ರೇಡಿಯಂ-226ರದು 186.2. ಸೋಡಿಯಂ ಅಯೊಡೈಡ್‌ನಲ್ಲಿ ಇವೆರಡನ್ನು ಬೇರ್ಪಡಿಸುವ ಮಾತೇ ಇಲ್ಲ. ಹೈ ಪ್ಯೂರಿಟಿ ಜರ್ಮೇನಿಯಂ ಡಿಟೆಕ್ಟರ್‌ನಲ್ಲೂ ಅವು ಒಂದೇ ಶಿಖರವಾಗಿ ಕಾಣುತ್ತವೆ. ಕಲ್ಲಿನಲ್ಲಿ ಯುರೇನಿಯಂ ಸರಣಿ ಸಮತೋಲನದಲ್ಲಿದ್ದರೆ ಆ ಶಿಖರದ ಸುಮಾರು ಶೇ. 57ರಷ್ಟು ರೇಡಿಯಂನ ಪಾಲು. ಸಮತೋಲನ ನಿಜಕ್ಕೂ ಇದೆಯೇ ಎಂಬುದನ್ನು ಸೀಸ-214ರ 352 ಮತ್ತು ಬಿಸ್ಮತ್-214ರ 609 ಕೆಇವಿ ರೇಖೆಗಳಿಂದ ನೋಡಿಕೊಳ್ಳಬೇಕು, ಅದಕ್ಕೂ ಮೊದಲು ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿ ಸುಮಾರು ಒಂದು ತಿಂಗಳು ಇಡಬೇಕು, ಏಕೆಂದರೆ ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಸೋರಿಹೋದರೆ ಲೆಕ್ಕವೆಲ್ಲ ತಪ್ಪುತ್ತದೆ. ಈ ಒಂದು ಪ್ಯಾರಾ ಸರಿಯಾಗಿ ಬರೆದಿದ್ದರೆ ಉಳಿದದ್ದನ್ನು ಪರಿಶೀಲಕ ಗೌರವದಿಂದ ಓದುತ್ತಾನೆ.

ಅನುದಾನದ ಮಾತು. ಪರಮಾಣು ಶಕ್ತಿ ಇಲಾಖೆಯ ಬಿಆರ್‌ಎನ್‌ಎಸ್ ಮಂಡಳಿ ಇರುವುದೇ ಇಲಾಖೆಯ ಹೊರಗಿನ ವಿಶ್ವವಿದ್ಯಾಲಯ, ಕಾಲೇಜುಗಳ ಸಂಶೋಧನೆಗೆ ನೆರವಾಗಲು. ಅಲ್ಲಿ ಸಾಮಾನ್ಯವಾಗಿ ಇಲಾಖೆಯ ಘಟಕವೊಂದರ ವಿಜ್ಞಾನಿ ಪ್ರಧಾನ ಸಹಯೋಗಿಯಾಗಿ ನಿಮ್ಮ ಜೊತೆ ನಿಲ್ಲಬೇಕಾಗುತ್ತದೆ, ಮತ್ತು ಅಂಥವರನ್ನು ಹುಡುಕುವುದೇ ಅರ್ಜಿಯ ಅತಿ ಕಷ್ಟದ ಭಾಗ. ಮಂಗಳೂರು ವಿಶ್ವವಿದ್ಯಾಲಯವನ್ನು ನೋಡಿ. ಕೈಗಾ ಪರಿಸರದ ಸಹಜ ವಿಕಿರಣವನ್ನು ಅಳೆಯುವ ಯೋಜನೆಗಳಿಂದ ಬೆಳೆದ ತಂಡಕ್ಕೆ ಇಂದು ಪರಿಸರ ವಿಕಿರಣದ ಸಂಶೋಧನೆಗಾಗಿಯೇ ಸ್ವಂತ ಕೇಂದ್ರವಿದೆ. ಅವರು ದೊಡ್ಡ ಹೆಸರಿನ ವಿಷಯದಿಂದ ಆರಂಭಿಸಲಿಲ್ಲ. ತಮ್ಮ ಕರಾವಳಿಯ ಮಣ್ಣು, ನೀರು, ಸಸ್ಯಗಳಿಂದ ಆರಂಭಿಸಿದರು. ನೀವೂ ಶೀರ್ಷಿಕೆಯಲ್ಲಿ ವಿಧಿವಿಜ್ಞಾನವನ್ನು ಮೆರೆಸದೆ, ಕಲಾದಗಿ ದ್ರೋಣಿಯ ಶಿಲೆಗಳ ವಿಕಿರಣ ಲಕ್ಷಣಗಳು ಎಂದಿಟ್ಟು, ಉಪಯೋಗದ ಭಾಗದಲ್ಲಿ ಮಾತ್ರ ವಿಧಿವಿಜ್ಞಾನವನ್ನು ಹೇಳಿದರೆ ಒಳಿತು.

ಉತ್ತರ 2: ಎರಕದ ಮನೆ, ಉದ್ಯಮಬಾಗ, ಬೆಳಗಾವಿ

ಮೇಷ್ಟ್ರ ಜ್ಞಾನಕ್ಕೆ ನಮಸ್ಕಾರ. ಆದರೆ ಎರಡರಲ್ಲಿ ಯಾವುದು ಮೊದಲು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ತದ್ವಿರುದ್ಧ. ನಾನು ಎರಕದ ವಸ್ತುಗಳ ರೇಡಿಯೋಗ್ರಫಿ (ವಿಕಿರಣ ಹಾಯಿಸಿ ಒಳಗಿನ ದೋಷ ನೋಡುವ) ವಿಭಾಗದಲ್ಲಿ ವಿಕಿರಣ ಸುರಕ್ಷತೆಯ ಹೊಣೆ ಹೊತ್ತವನು. ವಿಕಿರಣ ಮೂಲ ಕಳೆದುಹೋದ ನಂತರ ಅದು ಎಲ್ಲಿಂದ ಬಂತೆಂದು ಹುಡುಕುವುದಕ್ಕೆ ಹಣ ಹಾಕಿ, ಕಳೆಯದಂತೆ ನೋಡಿಕೊಳ್ಳುವುದಕ್ಕೆ ಹಾಕದಿದ್ದರೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಆದದ್ದು ಎಲ್ಲರಿಗೂ ನೆನಪಿರಬೇಕು. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಯಂತ್ರವನ್ನು ಹರಾಜಿನಲ್ಲಿ ಮಾರಿದರು. ಗುಜರಿಯವರು ಸೀಸದ ಕವಚ ಬಿಚ್ಚಿದರು. ಒಳಗಿದ್ದ ಕೋಬಾಲ್ಟ್-60ರಿಂದ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಮೂಲ ಎಲ್ಲಿಯದೆಂದು ತಜ್ಞರು ಪತ್ತೆ ಮಾಡಿದರು ನಿಜ, ಅದೂ ಒಂದು ಬಗೆಯ ವಿಧಿವಿಜ್ಞಾನವೇ. ಆದರೆ ಅಲ್ಲಿ ಸೋತದ್ದು ಒಂದು ದಾಸ್ತಾನು ಪುಸ್ತಕ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷವಾದ್ದರಿಂದ, ಮೂಲೆಯಲ್ಲಿ ಸುಮ್ಮನಿದ್ದ 25 ವರ್ಷಗಳಲ್ಲಿ ಅದು ಇಪ್ಪತ್ತೇಳನೆಯ ಒಂದು ಪಾಲಿಗೆ ಇಳಿದಿತ್ತು. ಹಾಗಿದ್ದೂ ಜೀವ ತೆಗೆಯಲು ಅಷ್ಟು ಸಾಕಾಯಿತು.

ಉದ್ಯಮಬಾಗದ ಫೌಂಡ್ರಿಗಳು ಗುಜರಿಯನ್ನು ಕರಗಿಸುತ್ತವೆ. ಅದರಲ್ಲಿ ಎಂಥದೋ ಒಂದು ಹಳೆಯ ಮೂಲ ಸೇರಿ ಬಂದರೆ ಇಡೀ ಕುಲುಮೆಯ ಕಬ್ಬಿಣ ಕಲುಷಿತವಾಗುತ್ತದೆ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟ್‌ಗಳ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಆ ಉಕ್ಕು ಹೋದದ್ದು ಭಾರತದಿಂದ. ಗೇಟಿನಲ್ಲಿ ಡಿಟೆಕ್ಟರ್ ಇಡಿ ಎಂದು ಸಲಹೆ ಕೊಡುವುದು ಸುಲಭ. ಇಲ್ಲಿ ಮಾತ್ರ ಪ್ರಶ್ನೆ ಕೇಳಿದವರ ಗ್ರಾನೈಟ್ ಕೆಲಸಕ್ಕೆ ಬರುತ್ತದೆ ಎಂದು ಒಪ್ಪುತ್ತೇನೆ: ಇಳಕಲ್ ಕಲ್ಲಿನ ಲಾರಿ, ಪೊಟ್ಯಾಶ್ ಗೊಬ್ಬರದ ಲಾರಿ, ಹಿಂದಿನ ದಿನ ನ್ಯೂಕ್ಲಿಯರ್ ಮೆಡಿಸಿನ್ ಪರೀಕ್ಷೆ ಮಾಡಿಸಿಕೊಂಡ ಚಾಲಕ, ಎಲ್ಲರೂ ಅಲಾರಂ ಹೊಡೆಸುತ್ತಾರೆ. ಒಂದು ವಾರ ಸುಳ್ಳು ಅಲಾರಂ ಕೇಳಿದ ಕಾವಲುಗಾರ ಎರಡನೆಯ ವಾರ ಅದರ ದನಿಯನ್ನೇ ಅಡಗಿಸುತ್ತಾನೆ. 2012ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ, ಬಾಂಬಿಗೆ ಬೇಕಾದ ಯುರೇನಿಯಂ ಇಟ್ಟಿರುವ ವೈ-12 ಆವರಣಕ್ಕೆ 82 ವರ್ಷದ ಕ್ರೈಸ್ತ ಸನ್ಯಾಸಿನಿಯೊಬ್ಬರು ಇಬ್ಬರು ಸಂಗಡಿಗರೊಂದಿಗೆ ಬೇಲಿ ಕತ್ತರಿಸಿ ನುಗ್ಗಿದ್ದರು. ಸಂವೇದಕಗಳು ಕೆಲಸ ಮಾಡಿದ್ದವು. ಮೇಲಿಂದ ಮೇಲೆ ಬರುವ ಸುಳ್ಳು ಅಲಾರಂಗಳಿಗೆ ಕಾವಲಿನವರು ಒಗ್ಗಿಹೋಗಿದ್ದರು, ಕ್ಯಾಮೆರಾ ಕೆಟ್ಟು ತಿಂಗಳುಗಳಾಗಿದ್ದವು.

ಭೌತಿಕ ಭದ್ರತೆಯ ಸಂಶೋಧನೆ ಎಂದರೆ ಗೋಡೆಯ ದಪ್ಪ ಅಳೆಯುವುದಲ್ಲ. ಪತ್ತೆ, ವಿಳಂಬ, ಪ್ರತಿಕ್ರಿಯೆ ಎಂಬ ಮೂರರ ಲೆಕ್ಕ ಅದು. ನುಗ್ಗಿದವನು ಪತ್ತೆಯಾದ ಕ್ಷಣದಿಂದ ಅವನ ಕೆಲಸ ಮುಗಿಯುವುದಕ್ಕೆ ಹಿಡಿಯುವ ಸಮಯ, ಪೊಲೀಸರು ಬಂದು ತಲುಪುವ ಸಮಯಕ್ಕಿಂತ ಹೆಚ್ಚಿರಬೇಕು. ಇಷ್ಟು ಸರಳವಾದ ಅಸಮತೆಯನ್ನು ನಮ್ಮ ಜಿಲ್ಲೆಗಳ ಸಣ್ಣ ಘಟಕಗಳಿಗೆ ಅನ್ವಯಿಸಿ, ರಾತ್ರಿ ಪಾಳಿಯಲ್ಲಿ, ಜಾತ್ರೆಯ ದಿನ, ಮಳೆಗಾಲದಲ್ಲಿ ರಸ್ತೆ ಕಟ್ಟಿಕೊಂಡಾಗ ಆ ಸಮಯ ಎಷ್ಟಾಗುತ್ತದೆ ಎಂದು ಯಾರಾದರೂ ಅಳೆದರೆ ಅದು ಉಪಯೋಗದ ಸಂಶೋಧನೆ.

ಇನ್ನು ಒಳಗಿನವರ ಮಾತು. ನಮ್ಮ ಪಕ್ಕದ ಉತ್ತರ ಕನ್ನಡದ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ಐವತ್ತಕ್ಕೂ ಹೆಚ್ಚು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ (ವಿಕಿರಣಶೀಲ ಜಲಜನಕ) ಹೆಚ್ಚಾಗಿ ಕಂಡುಬಂತು; ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಬೆರೆಸಿದ್ದರು. ಬೇಲಿ, ಬಂದೂಕು, ಸಿಐಎಸ್‌ಎಫ್ ಎಲ್ಲ ಇದ್ದೂ ಆದದ್ದು ಅದು. ಅತೃಪ್ತ ನೌಕರ, ಗುತ್ತಿಗೆ ಕೆಲಸ, ಬೀಗದ ಕೈ ಯಾರ ಬಳಿ ಎಂಬುದರ ಅಧ್ಯಯನಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಡ. ಪ್ರಾಯಶಃ ಅದಕ್ಕಾಗಿಯೇ ಅದಕ್ಕೆ ಹಣ ಸಿಗುವುದಿಲ್ಲ. ಕೊಂಡು ತಂದು ಉದ್ಘಾಟಿಸಲು ಅದರಲ್ಲಿ ಏನೂ ಇಲ್ಲ.

ಉತ್ತರ 3: ಗೋಳಗುಮ್ಮಟದ ಬಳಿ, ವಿಜಯಪುರ

ನಾನು ವಿಜ್ಞಾನಿಯಲ್ಲ; ಸಂಶೋಧನಾ ಯೋಜನೆಗಳ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಮೇಲಿನ ಇಬ್ಬರೂ ಬಿಟ್ಟ ಕೆಲವು ಮಾತುಗಳನ್ನು ಹೇಳುತ್ತೇನೆ.

ಬಿಆರ್‌ಎನ್‌ಎಸ್ ಒಂದೇ ದಾರಿಯಲ್ಲ. 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ, ದೊಡ್ಡ ಸಂಸ್ಥೆಯೊಂದರ ಆಶ್ರಯದಲ್ಲಿ ರಾಜ್ಯ ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಳ್ಳುವ ಯೋಜನೆಯಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಸುದ್ದಿಯಾದದ್ದು ನಿಜವಾದರೂ, ಅದರ ದೊಡ್ಡ ಪಾಲು ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಎಣಿಕೆಯದು. ವಿಕಿರಣ ಭದ್ರತೆಯಲ್ಲಿ ಹಣ ಹೂಡಿ ಲಾಭ ಕಾಣುವ ಖಾಸಗಿಯವರು ಯಾರಿದ್ದಾರೆ? ಈ ವಿಷಯಕ್ಕೆ ಸರ್ಕಾರವೇ ಕೊಡಬೇಕು. ಅಮೆರಿಕದಲ್ಲೂ ತಜ್ಞರ ಸಂಖ್ಯೆ ಕುಸಿಯುತ್ತಿದೆ ಎಂಬ ಆತಂಕದಿಂದ 2010ರಲ್ಲಿ ಕಾನೂನನ್ನೇ ತಂದು, ಈ ವಿದ್ಯೆ ಕಲಿಯುವವರಿಗೆ ಸರ್ಕಾರದ ಹಣದಿಂದಲೇ ವಿದ್ಯಾರ್ಥಿವೇತನ ಕೊಡುವ ವ್ಯವಸ್ಥೆ ಮಾಡಿದರು. ನಮ್ಮಲ್ಲಿ ಅದೇ ವರ್ಷ ಹರಿಯಾಣದಲ್ಲಿ ಜಾಗತಿಕ ಪರಮಾಣು ಶಕ್ತಿ ಸಹಭಾಗಿತ್ವ ಕೇಂದ್ರವನ್ನು ಘೋಷಿಸಿದರು; ಅಲ್ಲಿ ಪರಮಾಣು ಭದ್ರತೆಗೂ ಪರಮಾಣು ವಸ್ತುಗಳ ಲಕ್ಷಣ ನಿರ್ಣಯಕ್ಕೂ ಪ್ರತ್ಯೇಕ ಶಾಲೆಗಳಿವೆ, ತರಬೇತಿಗೆ ಅರ್ಜಿ ಹಾಕಿ ನೋಡಬಹುದು. ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪಿನ ಅನುದಾನ ಚಿಕ್ಕದು, ಆದರೆ ಉಪಕರಣ ದುರಸ್ತಿ, ಪ್ರಯೋಗಾಲಯ ಸುಧಾರಣೆಗೆ ಆದೀತು.

ಮೇಷ್ಟ್ರು ಹೇಳಿದ ಜರ್ಮೇನಿಯಂ ಡಿಟೆಕ್ಟರ್ ಹತ್ತಾರು ಲಕ್ಷದ ವಸ್ತು. ಕೊಳ್ಳುವ ಹಣ ಅನುದಾನದಲ್ಲಿ ಬರುತ್ತದೆ. ಯೋಜನೆ ಮುಗಿದ ಮೇಲೆ ಅದಕ್ಕೆ ದ್ರವ ಸಾರಜನಕ ತುಂಬಿಸುವ ಹಣ ಬರುವುದಿಲ್ಲ. ಆ ಖರ್ಚನ್ನು ಕಾಲೇಜು ಭರಿಸುತ್ತದೆಂದು ಮೊದಲೇ ಬರೆಸಿಕೊಳ್ಳಿ. ಹಣ ಖರ್ಚಾದ ಬಗೆ ತೋರಿಸುವ ಬಳಕೆ ಪ್ರಮಾಣಪತ್ರ ತಡವಾದರೆ ಎರಡನೆಯ ಕಂತು ನಿಲ್ಲುತ್ತದೆ, ಕಂತು ನಿಂತರೆ ಸಂಶೋಧನಾ ಸಹಾಯಕ ಬಿಟ್ಟು ಹೋಗುತ್ತಾನೆ, ಅವನ ಜೊತೆ ಅರ್ಧ ಕೆಲಸವೂ ಹೋಗುತ್ತದೆ.

ಘಟಪ್ರಭಾ, ಬಾಗಲಕೋಟೆ

ಮೂವರಿಗೂ ವಂದನೆಗಳು. ಎರಡು ಸಂದೇಹಗಳು ಉಳಿದಿವೆ. ಭದ್ರತೆಯ ಅಧ್ಯಯನ ಮಾಡಿದರೆ ಯಾವ ಘಟಕದಲ್ಲಿ ಏನು ದುರ್ಬಲವಾಗಿದೆ ಎಂಬ ಮಾಹಿತಿ ನಮ್ಮ ಕೈಯಲ್ಲಿ ಉಳಿಯುತ್ತದೆ. ಅದನ್ನು ಪ್ರಬಂಧವಾಗಿ ಪ್ರಕಟಿಸುವಂತಿಲ್ಲ, ಪ್ರಕಟಿಸದಿದ್ದರೆ ಸಂಶೋಧನೆಯಾಗಿ ಎಣಿಕೆಗೆ ಬರುವುದಿಲ್ಲ. ಇದಕ್ಕೆ ಪರಿಹಾರವೇನು? ಇನ್ನೊಂದು, ಎರಡೂ ವಿಷಯಗಳನ್ನು ಸೇರಿಸಿ ಒಂದೇ ಪ್ರಸ್ತಾವ ಮಾಡಬಹುದೇ?

ಎರಕದ ಮನೆ, ಉದ್ಯಮಬಾಗ, ಬೆಳಗಾವಿ

ಘಟಕಗಳ ಹೆಸರಾಗಲಿ, ಊರಾಗಲಿ, ಮೂಲದ ಶಕ್ತಿಯಾಗಲಿ ಪ್ರಬಂಧದಲ್ಲಿ ಬರಬಾರದು. ವರದಿಯ ಪೂರ್ಣ ಪ್ರತಿಯನ್ನು ಆಯಾ ಪರವಾನಗಿದಾರರಿಗೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೂ ಮಾತ್ರ ಕೊಟ್ಟು, ಪ್ರಕಟಿಸುವಾಗ ವಿಧಾನವನ್ನೂ ಒಟ್ಟು ಫಲಿತಾಂಶವನ್ನೂ ಬರೆದರೆ ಸಾಕು. ಈ ಏರ್ಪಾಡನ್ನು ಮಂಡಳಿಯೊಂದಿಗೆ ಮಾತಾಡಿ ಮೊದಲೇ ಲಿಖಿತವಾಗಿ ಪಡೆಯದೆ ಯಾವ ಕಾರ್ಖಾನೆಯ ಬಾಗಿಲನ್ನೂ ತಟ್ಟಬೇಡಿ. ನಾನೇ ಆದರೂ ಅಂಥ ಪತ್ರವಿಲ್ಲದೆ ನಿಮ್ಮನ್ನು ಒಳಗೆ ಬಿಡುವುದಿಲ್ಲ. ರೇಡಿಯೋಗ್ರಫಿಗೆ ಬಳಸುವ ಇರಿಡಿಯಂ-192ರ ಅರ್ಧಾಯುಷ್ಯ 74 ದಿನ ಮಾತ್ರವಾದ್ದರಿಂದ ನಮ್ಮ ಮೂಲಗಳು ವರ್ಷದಲ್ಲಿ ಹಲವು ಬಾರಿ ರಸ್ತೆಯ ಮೇಲೆ ಹೋಗಿ ಬರುತ್ತವೆ. ಸಾಗಣೆಯ ವೇಳೆ, ದಾರಿ, ವಾಹನದ ವಿವರಗಳನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲೂ ಬರೆದುಕೊಳ್ಳಬೇಡಿ.

ನಿವೃತ್ತ ಮೇಷ್ಟ್ರು, ಬೆಳಗಾವಿ

ಪೂರ್ಣವಾಗಿ ಸೇರಿಸಬೇಡಿ. ಒಂದು ಪ್ರಸ್ತಾವಕ್ಕೆ ಭೂವಿಜ್ಞಾನದ ಪರಿಶೀಲಕ, ಭದ್ರತೆಯ ಪರಿಶೀಲಕ ಎಂದು ಇಬ್ಬರು ಬಂದರೆ ಇಬ್ಬರೂ ಅರ್ಧ ಅಂಕ ಕೊಡುತ್ತಾರೆ. ಆದರೆ ಎರಡನ್ನೂ ಬೆಸೆಯುವ ಎಳೆಯನ್ನು ಉದ್ಯಮಬಾಗದವರೇ ಎತ್ತಿಕೊಟ್ಟಿದ್ದಾರೆ, ಅದು ಸುಳ್ಳು ಅಲಾರಂ. ಇಳಕಲ್ ಗ್ರಾನೈಟ್, ಪೊಟ್ಯಾಶ್ ಗೊಬ್ಬರ, ಕೂಡಗಿ ಉಷ್ಣ ಸ್ಥಾವರದ ಹಾರುಬೂದಿ, ಈ ಮೂರರ ಗಾಮಾ ವರ್ಣಪಟಲವನ್ನು ನಿಮ್ಮ ಹಳೆಯ ಸೋಡಿಯಂ ಅಯೊಡೈಡ್‌ನಿಂದಲೇ ಅಳೆಯಬಹುದು. ಗೇಟಿನಲ್ಲಿಡುವ ಅಗ್ಗದ ಡಿಟೆಕ್ಟರ್‌ಗಳಲ್ಲೂ ರೇಖೆಗಳನ್ನು ಬೇರ್ಪಡಿಸುವ ಸಾಮರ್ಥ್ಯ ಅದಕ್ಕಿಂತ ಹೆಚ್ಚಿರದಾದ್ದರಿಂದ, ನಿಮ್ಮ ಉಪಕರಣದ ಕೊರತೆಯೇ ಇಲ್ಲಿ ಸಮರ್ಥನೆಯಾಗುತ್ತದೆ. ಪೊಟ್ಯಾಸಿಯಂ-40ರ 1460, ಥೋರಿಯಂ ಸರಣಿಯ 2614 ಕೆಇವಿ ರೇಖೆಗಳು ಎದ್ದು ಕಾಣುತ್ತವೆ. ಸೀಸಿಯಂ-137ರ 662 ಅಥವಾ ಕೋಬಾಲ್ಟ್‌ನ 1173 ಮತ್ತು 1332 ಅವುಗಳ ನಡುವೆ ಅಡಗಿದ್ದರೆ ಎಷ್ಟು ಸೆಕೆಂಡಿನಲ್ಲಿ, ಎಷ್ಟು ಖಚಿತವಾಗಿ ಗುರುತಿಸಬಹುದು ಎಂಬುದೇ ಸಂಶೋಧನೆಯ ಪ್ರಶ್ನೆ. ಇದರ ಪ್ರಕಟಣೆಗೆ ಯಾರ ಅಡ್ಡಿಯೂ ಇರಲಾರದು. ದೇಶನೂರಿನ ಅದಿರು, ವಿರಳ ಭೂಧಾತು ಎಲ್ಲ ಎರಡನೆಯ ಯೋಜನೆಗಿರಲಿ. ಆಗ ಪರಮಾಣು ಖನಿಜ ನಿರ್ದೇಶನಾಲಯದ ಬೆಂಗಳೂರು ಕಚೇರಿಯಿಂದ ಸಹಯೋಗಿ ಸಿಗುವ ಸಾಧ್ಯತೆಯೂ ಹೆಚ್ಚು. ಉದ್ಯಮಬಾಗದವರ ಒಳಗಿನವರ ಅಧ್ಯಯನಕ್ಕೆ ಸಮಾಜಶಾಸ್ತ್ರದವರೊಬ್ಬರು ಮುಂದಾಗಲಿ, ಅದು ನಿಮ್ಮದೂ ನನ್ನದೂ ಕ್ಷೇತ್ರವಲ್ಲ.

ಒಂದು ವಿಷಯವನ್ನು ಮಾತ್ರ ಮೊದಲ ದಿನದಿಂದಲೇ ವಿಧಿವಿಜ್ಞಾನದ ಶಿಸ್ತಿನಲ್ಲಿ ಮಾಡಿ. ಪ್ರತಿ ಕಲ್ಲಿನ ಮಾದರಿಯನ್ನು ಎರಡು ಭಾಗ ಮಾಡಿ ಒಂದನ್ನು ಮೊಹರು ಹಾಕಿ ತೆಗೆದಿಡಿ. ಯಾರು, ಎಲ್ಲಿ, ಯಾವಾಗ ತೆಗೆದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಸಹಿಯ ಸಮೇತ ದಾಖಲಾಗಲಿ. ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದವರಿಗೆ ವಿಕಿರಣದ ಕೆಲಸ ಹೊಸದಿರಬಹುದು, ಆದರೆ ಈ ಕ್ರಮ ಅವರಿಗೆ ನಿತ್ಯದ ರೂಢಿ. ವಿಭಾಗದ ಮುಖ್ಯಸ್ಥರ ಪತ್ರ ತೆಗೆದುಕೊಂಡು ಹೋಗಿ, ಅವರು ಬಳಸುವ ನಮೂನೆಗಳನ್ನು ನೋಡಲು ಅನುಮತಿ ಕೇಳಿ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣವೂ ಬಂದಿದೆ. ಅಲ್ಲಿಂದ ಸಹ-ಸಂಶೋಧಕರೊಬ್ಬರನ್ನು ಸೇರಿಸಿಕೊಂಡರೆ ಪ್ರಸ್ತಾವಕ್ಕೆ ತೂಕ ಬರುತ್ತದೆ. ಕರಡು ಸಿದ್ಧವಾದ ಮೇಲೆ ಇಲ್ಲಿಯೇ ಹಾಕಿ, 186 ಕೆಇವಿ ಪ್ಯಾರಾವನ್ನು ನಾನು ಓದಿ ನೋಡುತ್ತೇನೆ.